ಕಡಲಹಕ್ಕಿಯ ಕೊಕ್ಕಿನ ತುದಿಯ ಹನಿ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಗುಡ್ಡಗಳಿಗೆ ಹೆಸರಿಟ್ಟು ಮುಗಿದಿರಲಿಲ್ಲ. ಹಳ್ಳಗಳು ಯಾವ ಕಡೆ ಹರಿಯಬೇಕೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ಮನೆ ಬಾಗಿಲಲ್ಲಿ ನಿಂತು ಕುಶಲ ವಿಚಾರಿಸಿ ಮುಂದೆ ಹೋಗುತ್ತಿತ್ತು. ಹಕ್ಕಿಯ ಮಾತು ಮನುಷ್ಯರಿಗೆ ತಿಳಿಯುತ್ತಿತ್ತು, ಮನುಷ್ಯರ ಮಾತು ಹಕ್ಕಿಗೆ ತಿಳಿಯುತ್ತಿತ್ತು. ತಿಳಿದದ್ದನ್ನೆಲ್ಲ ನಂಬುತ್ತಿದ್ದರು ಎಂದಲ್ಲ. ಅದು ಬೇರೆ ಸಂಗತಿ.

ಆ ಕಾಲದಲ್ಲಿ ಕಡಲಿನಿಂದ ಬಹಳ ದೂರದ ಬಯಲುಸೀಮೆಯಲ್ಲಿ ಒಂದು ಉಪ್ಪಿನ ಊರಿತ್ತು. ಅಲ್ಲಿಯವರು ಕಡಲನ್ನು ಕಂಡಿರಲಿಲ್ಲ, ಕಡಲೆಂಬ ಹೆಸರನ್ನೂ ಕೇಳಿರಲಿಲ್ಲ. ಬೇಸಿಗೆ ಬಂತೆಂದರೆ ಅವರ ಊರಿನ ನೆಲ ತಾನಾಗಿ ಬೆಳ್ಳಗಾಗುತ್ತಿತ್ತು. ಅದು ಸೌಳು ಮಣ್ಣು. ಅದನ್ನು ಕೆರೆದು, ಹೊತ್ತು ತಂದು, ಗುಂಡಿಗೆ ತುಂಬಿ, ಮೇಲೆ ನೀರು ಹೊಯ್ದು, ಕೆಳಗೆ ತೊಟ್ಟಿಕ್ಕುವ ಉಪ್ಪುನೀರನ್ನು ಗಡಿಗೆಯಲ್ಲಿ ಹಿಡಿಯುತ್ತಿದ್ದರು. ಆ ನೀರನ್ನು ಬಯಲಿನ ಮಡಿಗಳಲ್ಲಿ ಬಿಸಿಲಿಗೆ ಬಿಟ್ಟರೆ ನೀರು ಹೋಗಿ ಉಪ್ಪು ಉಳಿಯುತ್ತಿತ್ತು. ಹೇಳಲು ಸುಲಭ, ಮಾಡಲು ಸೊಂಟ ಮುರಿಯುವ ಕೆಲಸ. ಆ ಊರಿನಲ್ಲಿ ಅಂಗೈ ಬಿರಿಯದ ಮನುಷ್ಯನೇ ಇರಲಿಲ್ಲ.

ಉಪ್ಪುನೀರು ಹದಕ್ಕೆ ಬಂತೋ ಇಲ್ಲವೋ ಎಂದು ಹೇಳಲು ಊರಿಗೊಬ್ಬಳು ನಾಲಗೆಯವಳು ಇರುತ್ತಿದ್ದಳು. ನಮ್ಮ ಕತೆಯ ಹೊತ್ತಿಗೆ ನಾಲಗೆಯವಳಾಗಿದ್ದವಳು ದ್ಯಾವವ್ವ. ಬೆಳಗಾಗೆದ್ದು ಬಾಯಿಗೆ ಏನನ್ನೂ ಹಾಕದೆ ಅವಳು ಮಡಿಯಿಂದ ಮಡಿಗೆ ನಡೆಯುವಳು. ಕಿರುಬೆರಳ ತುದಿಯನ್ನು ನೀರಿಗೆ ಅದ್ದಿ ನಾಲಗೆಗೆ ಇಟ್ಟುಕೊಳ್ಳುವಳು. "ಬಂತು" ಎಂದರೆ ಬಂತು. "ಇನ್ನೂ ಬರ್ಬೇಕು" ಎಂದರೆ ಇನ್ನೂ ಬರಬೇಕು. ಯಾರ ಉಪ್ಪು ಯಾರ ಗಡಿಗೆ ಸೇರಿದೆ ಎಂಬ ಜಗಳ ಬಂದರೂ ಅವಳ ನಾಲಗೆಯದೇ ತೀರ್ಪು. ಯಾವ ಮಡಿಯ ಉಪ್ಪು ಎಂದು ಒಂದೇ ಹರಳಿನಲ್ಲಿ ಹೇಳಿಬಿಡುತ್ತಿದ್ದಳು.

ಆದರೆ ಅವಳ ಎದೆಯಲ್ಲಿ ಒಂದು ಗುಟ್ಟಿತ್ತು. ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದಿತ್ತು. ಆ ಜ್ವರ ಬಿಟ್ಟು ಹೋಗುವಾಗ ನಾಲಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಸಿಹಿಯಿಲ್ಲ, ಕಹಿಯಿಲ್ಲ, ಉಪ್ಪಿಲ್ಲ. ಬಾಯಲ್ಲಿ ಒಂದು ಮರದ ತುಂಡು ಇಟ್ಟುಕೊಂಡ ಹಾಗೆ.

ದ್ಯಾವವ್ವ ಯಾರಿಗೂ ಹೇಳಲಿಲ್ಲ. ನಾಲಗೆ ಹೋದ ನಾಲಗೆಯವಳೆಂದರೆ ಏನು? ಬರೀ ಮುದುಕಿ. ಅವಳು ಮೊದಲಿನ ಹಾಗೇ ಬೆರಳು ಅದ್ದಿ ಬಾಯಿಗಿಡುತ್ತಿದ್ದಳು. ಆಮೇಲೆ ಯಾರೂ ನೋಡದಿದ್ದಾಗ ಒಂದು ಹನಿಯನ್ನು ತನ್ನ ಬಳಿಯಿದ್ದ ಒಂದು ಕರಿಕಲ್ಲಿನ ಮೇಲೆ ಬಿಟ್ಟು, ಅದು ಬಿಸಿಲಿಗೆ ಒಣಗಿ ಹೇಗೆ ಹರಳುಗಟ್ಟುತ್ತದೆಂದು ಬಗ್ಗಿ ನೋಡಿ, "ಬಂತು" ಎನ್ನುತ್ತಿದ್ದಳು. ನಾಲಗೆ ಸತ್ತ ಮೇಲೆ ಅವಳ ಕಣ್ಣು ಹೊಸ ವಿದ್ಯೆ ಕಲಿತಿತ್ತು. ತಪ್ಪು ಒಂದೂ ಆಗಿರಲಿಲ್ಲ. ಅದರಿಂದಲೇ ಅವಳಿಗೆ ಧೈರ್ಯ ಹೆಚ್ಚಿತ್ತು.

ಬೇಸಿಗೆಯ ಕೊನೆಯಲ್ಲಿ ಪಡುವಣದಿಂದ ಒಂದು ಗಾಳಿ ಬಂತು. ಕುಶಲ ಕೇಳುವ ಗಾಳಿಯಲ್ಲ ಅದು. ಗುಡಿಸಲುಗಳ ಸೂರು ಹಾರಿಸಿತು, ಮಣ್ಣಿನ ಗುಡ್ಡೆಗಳನ್ನು ಚದುರಿಸಿತು, ಮಡಿಯಲ್ಲಿ ಒಣಗಿದ್ದ ಉಪ್ಪನ್ನು ಬಾಚಿ ಆಕಾಶಕ್ಕೆ ಎಸೆಯಿತು. ಎರಡು ಹಗಲು ಹಾಗೇ ಬೀಸಿತು. ಮೂರನೆಯ ಬೆಳಗ್ಗೆ ಜನ ಹೊರಗೆ ಬಂದು ನೋಡಿದರೆ ಊರಿನ ಹಿರಿಯ ಬರಮಪ್ಪನ ಮಡಿ ಬರಿದಾಗಿತ್ತು. ಆ ಬರಿದಾದ ಮಡಿಯ ಬದುವಿನಲ್ಲಿ ಒಂದು ಹಕ್ಕಿ ಬಿದ್ದಿತ್ತು.

ಅಂಥ ಹಕ್ಕಿಯನ್ನು ಯಾರೂ ಕಂಡಿರಲಿಲ್ಲ. ಬೆನ್ನು ಸುಟ್ಟ ಕಟ್ಟಿಗೆಯ ಬಣ್ಣ, ಹೊಟ್ಟೆ ಬಿಳಿ. ರೆಕ್ಕೆಗಳ ಅಗಲ ಕಿರಿದು, ಆದರೆ ಎಷ್ಟು ಉದ್ದವೆಂದರೆ ಮಡಚಿಟ್ಟರೂ ಬಾಲ ದಾಟುತ್ತಿದ್ದವು. ನಿಲ್ಲಲು ಹೋದರೆ ಮುಗ್ಗರಿಸುತ್ತಿತ್ತು. ಅದರ ರೆಕ್ಕೆಯ ತುಂಬ, ಎದೆಯ ತುಂಬ, ಬೆಳ್ಳಗೆ ಉಪ್ಪು ಹರಳುಗಟ್ಟಿತ್ತು.

ಗುರುತಿಲ್ಲದ ಜೀವ ಊರಿಗೆ ಬಂದರೆ, ಅದು ಯಾರ ಪೈಕಿ ಎಂದು ತಿಳಿಯಲು ಅದರ ಹಾಗಿರುವವರನ್ನು ಕರೆಸುವುದು ಆಗಿನ ಪದ್ಧತಿ. ಬರಮಪ್ಪ ಮೊದಲು ಕೆರೆಯ ಬಾತುಕೋಳಿಯನ್ನು ಕರೆಸಿದ.

ಬಾತುಕೋಳಿ ಕಾಲು ನೋಡಿತು. "ಬೆರಳಿನ ನಡುವ ತೊಗಲೈತಿ, ನಮ್ಮಂಗ. ಆದ್ರ ಇದಕ್ಕ ನಾಕು ಹೆಜ್ಜಿ ನಡ್ಯಾಕ ಬರಂಗಿಲ್ಲ. ನಮ್ಮಾಕಿ ಅಲ್ಲ."

ಹದ್ದು ಬಂದು ಕೊಕ್ಕು ನೋಡಿತು. "ತುದಿ ನನ್ನಂಗ ಬಾಗೇತಿ. ರೆಕ್ಕಿನೂ ಉದ್ದ ಐತಿ. ಆದ್ರ ಕಾಲಾಗ ಬೇಟಿ ಆಡೋ ಉಗುರಿಲ್ಲ. ನಮ್ಮಾಕಿ ಅಲ್ಲ."

ಕಾಗೆಯನ್ನು ಯಾರೂ ಕರೆದಿರಲಿಲ್ಲ. ಅದು ತಾನಾಗಿ ಬಂದು ಎರಡು ಸುತ್ತು ಹಾಕಿತು. "ಬೆನ್ನೇನೋ ನಂದ. ಹೊಟ್ಟೀಗೆ ಬರೂದ್ರಾಗ ಮಸಿ ಸಾಲಲಿಲ್ಲೇನೋ! ಅರ್ಧಕ್ಕ ಬಿಟ್ಟಾರ. ನಮ್ಮಾಕಿ ಅಲ್ಲ ಬಿಡ್ರಿ."

ಕೆಲವರು ನಕ್ಕರು. ಹಕ್ಕಿ ತಲೆಯೆತ್ತಿ ಮೆಲ್ಲನೆ ಹೇಳಿತು: "ನಾನು ಕಡಲಿನವಳು. ಗಾಳಿ ನನ್ನನ್ನು ಹೊತ್ತು ತಂದು ಇಲ್ಲಿ ಬಿಟ್ಟಿತು."

"ಕಡಲಂದ್ರ?" ಎಂದ ಬರಮಪ್ಪ.

"ನೀರು. ಕಣ್ಣು ಹೋಗುವವರೆಗೂ ನೀರು. ಅಷ್ಟೂ ಉಪ್ಪುನೀರು."

ಜನರಿಗೆ ಸಿಟ್ಟು ಬಂತು. ಬೇರೆ ಯಾವ ಊರಿನವರಾದರೂ ಆ ಮಾತು ಕೇಳಿ ಬೆರಗಾಗುತ್ತಿದ್ದರೇನೋ. ಇವರು ಉಪ್ಪಿನವರು. ಒಂದು ಹಿಡಿ ಉಪ್ಪಿಗೆ ಎಷ್ಟು ಬುಟ್ಟಿ ಮಣ್ಣು ಹೊರಬೇಕೆಂದು ಬಲ್ಲವರು.

"ಕಣ್ಣು ಹೋಗೋಮಟ ಉಪ್ಪುನೀರು ತಾನ ಬಿದ್ದೈತಿ ಅಂತೀಯ?" ಎಂದ ಬರಮಪ್ಪ. "ಹಂಗಿದ್ರ ನಮ್ಮಪ್ಪ ಯಾಕ ಈ ಮಣ್ಣು ಹೊತ್ಕೋಂತ ಸತ್ತ? ನಾವ್ಯಾಕ ಹೊರಾಕತ್ತೀವಿ? ಸುಳ್ಳ ಹೇಳಿದ್ರೂ ಒಂದು ಮಿತಿ ಇರ್ಬೇಕು. ನನ್ನ ಮಡ್ಯಾಗಿನ ಉಪ್ಪು ನಿನ್ನ ಮೈಮ್ಯಾಲ ಕಾಣ್ತೈತಿ. ಕಳ್ಳಿ ನೀನು!"

ಬರಮಪ್ಪ ಕೆಟ್ಟವನಲ್ಲ. ಅವನ ಬೇಸಿಗೆಯ ದುಡಿಮೆಯೆಲ್ಲ ಗಾಳಿಗೆ ಹೋಗಿತ್ತು. ಗಾಳಿಯನ್ನು ಹಿಡಿದು ಕಟ್ಟಲು ಯಾರಿಗೂ ಆಗುವುದಿಲ್ಲ. ಹಕ್ಕಿ ಕೈಗೆ ಸಿಕ್ಕಿತ್ತು.

"ದ್ಯಾವವ್ವನ್ನ ಕರೀರಿ" ಎಂದರು ಎಲ್ಲರೂ.

ದ್ಯಾವವ್ವ ಬಂದಳು. ಹಕ್ಕಿಯ ಎದೆಗರಿಯಿಂದ ಒಂದು ಹರಳನ್ನು ಉಗುರಿನಿಂದ ಬಿಡಿಸಿ ನಾಲಗೆಯ ಮೇಲಿಟ್ಟುಕೊಂಡಳು. ಏನೂ ತಿಳಿಯಲಿಲ್ಲ. ಸುತ್ತ ನಿಂತವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಹಕ್ಕಿಯೂ ನೋಡುತ್ತಿತ್ತು. ಕರಿಕಲ್ಲಿನ ಮೇಲಿಟ್ಟು ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ನಾಲಗೆಯಿರುವಾಗ ಕಲ್ಲೇಕೆ ಎಂದು ಯಾರಾದರೂ ಕೇಳಿದರೆ? ಆ ಒಂದು ಪ್ರಶ್ನೆಗೆ ಅವಳು ಹೆದರಿದಳು.

"ನಮ್ದ" ಎಂದುಬಿಟ್ಟಳು.

ಅಲ್ಲಿಗೆ ತೀರ್ಪಾಯಿತು. ಕದ್ದ ಉಪ್ಪನ್ನು ತೊಳೆದು ತೆಗೆದುಕೊಳ್ಳುವುದು ಉಪ್ಪಿನವರ ಕಟ್ಟಳೆ. ಹಕ್ಕಿಯನ್ನು ಎತ್ತಿ ಹಿಡಿದು ಗಡಿಗೆ ಗಡಿಗೆ ನೀರು ಹೊಯ್ದರು. ಮೈಯ ಬಿಳುಪೆಲ್ಲ ಹರಿದು ಬರಮಪ್ಪನ ಮಡಿಗೆ ಬಿತ್ತು. ಹಕ್ಕಿಯನ್ನು ನೋಡಿ ಎಲ್ಲರೂ "ನಮ್ಮಾಕಿ ಅಲ್ಲ" ಅಂದಿದ್ದರು. ಅದರ ಮೈಮೇಲಿನ ಉಪ್ಪು ಮಾತ್ರ "ನಮ್ದ" ಆಯಿತು!

ಮತ್ತೆ ಕದಿಯದಂತೆ ಮರುದಿನ ನೆತ್ತಿಯ ಹೊತ್ತಿಗೆ ಅದರ ರೆಕ್ಕೆ ಕೊಯ್ಯಬೇಕೆಂದು ಹಿರಿಯರು ಮಾತಾಡಿಕೊಂಡರು. ಹಕ್ಕಿಯ ಮೇಲೆ ಒಂದು ಮಣ್ಣಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕಲ್ಲು ಹೇರಿದರು.

ದ್ಯಾವವ್ವ ಅಂದು ಒಲೆ ಹೊತ್ತಿಸಲಿಲ್ಲ. ಸುಮ್ಮನೆ ಕೂತಳು. ಬೆಳಕು ಹರಿಯುವ ಹೊತ್ತಿಗೆ ಅವಳ ಕಾಲುಗಳು ತಾವಾಗಿ ಮಡಿಯ ಕಡೆ ನಡೆದವು. ಬುಟ್ಟಿಯ ಹೆಣಿಗೆಯ ಸಂದಿನಲ್ಲಿ ಒಂದು ಕಣ್ಣು ಕಾಣಿಸಿತು.

"ಅಜ್ಜಿ, ನನ್ನ ಉಪ್ಪನ್ನು ರುಚಿ ನೋಡಿದವರು ನೀವೇ ಅಲ್ಲವೇ?" ಎಂದಿತು ಹಕ್ಕಿ.

"ಹೂಂ."

"ಹೇಗಿತ್ತು?"

ದ್ಯಾವವ್ವ ಮುಖವನ್ನು ಬೇರೆ ಕಡೆ ತಿರುಗಿಸಿದಳು.

"ಅದು ನನ್ನ ಊರಿನ ರುಚಿ. ನಿಜವಾಗಿಯೂ ನಿಮ್ಮ ಉಪ್ಪಿನ ಹಾಗೇ ಇತ್ತೇ? ಹಾಗಿದ್ದರೆ ಹೇಳಿಬಿಡಿ, ಅಜ್ಜಿ. ಇಲ್ಲಿ ಸತ್ತರೂ ಊರಿನಲ್ಲೇ ಸತ್ತೆ ಎಂದುಕೊಳ್ಳುತ್ತೇನೆ."

ದ್ಯಾವವ್ವ ಬುಟ್ಟಿಯ ಪಕ್ಕದಲ್ಲಿ ಕುಸಿದು ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸಾಯೋ ಮಾತ್ಯಾಕ ಆಡ್ತೀ? ಕೊಯ್ಯೋದು ರೆಕ್ಕಿ" ಎಂದಳು ಕಡೆಗೆ.

"ನನಗೆ ನಡೆಯಲು ಬರುವುದಿಲ್ಲ. ಹಾರದಿದ್ದರೆ ನಾನಿಲ್ಲ. ಕಡಲಿನ ನಡುವೆ ಒಂದು ಬಂಡೆಯ ಪೊಟರೆಯಲ್ಲಿ ನನ್ನ ಮೊಟ್ಟೆಯಿದೆ. ಅದರ ಅಪ್ಪ ಕಾವು ಕೂತಿದ್ದಾನೆ. ನಾನು ಹೋಗುವವರೆಗೆ ಅವನು ಏಳುವುದಿಲ್ಲ, ತಿನ್ನುವುದಿಲ್ಲ. ಅದು ನಮ್ಮ ಪದ್ಧತಿ."

ದ್ಯಾವವ್ವ ಎದ್ದು ಹಳ್ಳದ ಬಳಿಗೆ ಹೋದಳು. ಬೇಸಿಗೆಯ ಹಳ್ಳ, ನೀರು ಎಳೆಯಾಗಿ ಹರಿಯುತ್ತಿತ್ತು. "ಯವ್ವಾ, ಕಡಲು ಅಂಬೋದು ಖರೇನ ಐತೇನು? ನೀ ಕಂಡೀಯೇನು?" ಎಂದು ಕೇಳಿದಳು.

"ಹಳ್ಳೆಲ್ಲಾ ಹೊಳೀಗೆ, ಹೊಳೆಲ್ಲಾ ಅಲ್ಲಿಗೇ ಹೋಗ್ತಾವಂತ" ಎಂದಿತು ಹಳ್ಳ. "ಆದ್ರ ಹೋದ ನೀರು ತಿರುಗಿ ಬಂದು ನಂಗ ಹೇಳಿಲ್ಲ. ನಾ ಹೆಂಗ ಸಾಕ್ಷಿ ಹೇಳ್ಲಿ, ದ್ಯಾವವ್ವ?"

ಸಾಕ್ಷಿ ಹೇಳುವವರು ಬೇರೆ ಯಾರೂ ಇಲ್ಲವೆಂದು ದ್ಯಾವವ್ವನಿಗೆ ತಿಳಿಯಿತು. ಅವಳು ಮನೆಗೆ ಹೋಗಿ ಕರಿಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ನೆತ್ತಿಯ ಹೊತ್ತಿಗೆ ಊರೆಲ್ಲ ಮಡಿಯ ಬಳಿ ಕೂಡಿತು. ಬರಮಪ್ಪ ಬುಟ್ಟಿ ತೆಗೆದ. ಒಬ್ಬರು ಹಕ್ಕಿಯ ರೆಕ್ಕೆಯನ್ನು ಎಳೆದು ಹಿಡಿದರು. ಬರಮಪ್ಪ ಕುಡಗೋಲು ಎತ್ತಿಕೊಳ್ಳುವುದಕ್ಕೂ ದ್ಯಾವವ್ವ ಮುಂದೆ ಬರುವುದಕ್ಕೂ ಸರಿಹೋಯಿತು.

"ತಡೀಪಾ. ನಿನ್ನಿ ನಾ ಆಡಿದ್ದು ಸುಳ್ಳು."

ಬರಮಪ್ಪನ ಕೈ ನಿಂತಿತು.

"ನನ್ನ ನಾಲಿಗಿ ಸತ್ತು ವರ್ಷ ಆಗಾಕ ಬಂತು. ಉಪ್ಪು ತಿಳಿಯಂಗಿಲ್ಲ, ಹುಳಿ ತಿಳಿಯಂಗಿಲ್ಲ. ನಿಮ್ಮೆಲ್ಲಾರ ಮುಂದ ಬೆರಳು ಚೀಪಿ ನಾಟಕ ಮಾಡೀನಿ."

ಒಬ್ಬ ಹೆಂಗಸು "ಅಯ್ಯ, ನಮ್ಮವ್ವ!" ಎಂದು ಬಾಯಿ ಮುಚ್ಚಿಕೊಂಡಳು.

"ಹಂಗಾರ ಈ ವರ್ಷ 'ಬಂತು, ಬಂತು' ಅಂದಿದ್ದು?" ಎಂದ ಬರಮಪ್ಪ.

"ಅದನ್ನೆಲ್ಲಾ ಕಣ್ಣಿಲೆ ನೋಡಿ ಹೇಳೀನಿ. ಈ ಕಲ್ಲಿನ ಮ್ಯಾಲ ಒಣಗಿಸಿ ನೋಡೀನಿ. ನಮ್ಮ ಉಪ್ಪು ಒಣಗಿದ್ರ ಸೂಜಿ ಸೂಜಿ ಆಗ್ತೈತಿ, ಎಲ್ಲಾ ಮಡೀದೂ ಹಂಗ. ಈ ಹಕ್ಕಿ ಉಪ್ಪು ಹೆಂಗ ಒಣಗ್ತೈತೋ ನೋಡೂಣು. ನಮ್ಮಂಗ ಆದ್ರ ಕೊಯ್ಯಿ."

"ಎಲ್ಲೈತಿ ಅದರ ಉಪ್ಪು? ಎಲ್ಲಾ ನಿನ್ನಿ ತೊಳದೀವಲ್ಲ!" ಬರಮಪ್ಪನ ಮುಖ ಕೆಂಪಾಯಿತು. "ನಿನ್ನಿ ಸುಳ್ಳು ಹೇಳಿದಾಕಿ ಇವತ್ತು ಖರೇ ಹೇಳಾಕತ್ತೀ ಅಂತ ನಾವು ಹೆಂಗ ನಂಬೂಣು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇಷ್ಟು ವರ್ಷ ಇಡೀ ಊರು ನಂಬಿದ ಅವಳ ಮಾತಿಗೆ ಆ ಹೊತ್ತಿನಲ್ಲಿ ಒಂದು ಹರಳಿನ ಬೆಲೆಯೂ ಉಳಿದಿರಲಿಲ್ಲ. ದ್ಯಾವವ್ವ ಹೋಗಿ ಹಕ್ಕಿಯ ರೆಕ್ಕೆಯ ಮೇಲೆ ತನ್ನೆರಡೂ ಕೈಯಿಟ್ಟು ಕೂತಳು.

"ಹಂಗಾದ್ರ ಮೊದಲು ನನ್ನ ನಾಲಿಗಿ ಕೊಯ್ಯಿ. ತಪ್ಪು ಮಾಡಿದ್ದು ಅದು. ಈ ರೆಕ್ಕಿ ಏನೂ ಮಾಡಿಲ್ಲ."

ಕುಡಗೋಲು ಗಾಳಿಯಲ್ಲೇ ನಿಂತಿತ್ತು.

"ಅಜ್ಜಿ, ಕಲ್ಲನ್ನು ಹತ್ತಿರ ತನ್ನಿ" ಎಂದಿತು ಹಕ್ಕಿ. "ಹೊರಗಿನ ಕಡಲನ್ನು ಇವರು ತೊಳೆದರು. ನಾನು ಹುಟ್ಟಿದಾಗಿನಿಂದ ಕುಡಿದ ಕಡಲು ಒಳಗಿದೆ."

ದ್ಯಾವವ್ವ ಕರಿಕಲ್ಲನ್ನು ಕೊಕ್ಕಿನ ಕೆಳಗೆ ಹಿಡಿದಳು. ಹಕ್ಕಿ ಕಣ್ಣು ಮುಚ್ಚಿತು. ಅದರ ಮೈ ಬಿಗಿಯಿತು. ಹೆರಿಗೆಯ ನೋವಿನಲ್ಲಿ ನಡುಗಿದ ಹಾಗೆ ಕೊರಳಿನಿಂದ ಬಾಲದವರೆಗೆ ನಡುಗಿತು. ನೋಡನೋಡುತ್ತಿದ್ದಂತೆ ಕೊಕ್ಕಿನ ಬುಡದಲ್ಲಿ ಮೂಗು ಉಬ್ಬಿ, ಎರಡು ಪುಟ್ಟ ಕೊಳವೆಗಳಾಗಿ ಮೇಲೆದ್ದಿತು. ಅಂಥದ್ದು ಅದುವರೆಗೆ ಯಾವ ಹಕ್ಕಿಗೂ ಇರಲಿಲ್ಲ. ಆ ಕೊಳವೆಗಳಿಂದ ನೀರು ಒಸರಿ, ಕೊಕ್ಕಿನ ಗುಂಟ ಇಳಿದು, ಬಾಗಿದ ತುದಿಯಲ್ಲಿ ಒಂದು ಹನಿಯಾಗಿ ನಿಂತಿತು. ಆಮೇಲೆ ಕಲ್ಲಿನ ಮೇಲೆ ಬಿತ್ತು.

ದ್ಯಾವವ್ವ ಕಲ್ಲನ್ನು ಬಿಸಿಲಿಗಿಟ್ಟಳು. ಪಕ್ಕದಲ್ಲೇ ಬೇರೊಂದು ಮಡಿಯಿಂದ ತಮ್ಮೂರಿನ ಉಪ್ಪುನೀರಿನ ಒಂದು ಹನಿಯನ್ನೂ ಬಿಟ್ಟಳು. ಎಲ್ಲರೂ ಸುತ್ತ ಕೂತರು. ಕಾಗೆ ಕೂಡ ಬಾಯಿ ಮುಚ್ಚಿಕೊಂಡು ಕೂತಿತ್ತು, ನಂಬಿ. ಹನಿಗಳು ಸಣ್ಣಗಾದವು, ಇನ್ನೂ ಸಣ್ಣಗಾದವು, ಅಂಚಿನಿಂದ ಬೆಳ್ಳಗಾದವು.

ತಮ್ಮೂರಿನ ಹನಿ ಸೂಜಿ ಸೂಜಿಯಾಗಿ ಒಣಗಿತು. ಹಕ್ಕಿಯ ಹನಿ ಹಾಗೆ ಒಣಗಲಿಲ್ಲ. ಅದರ ಹರಳುಗಳಿಗೆ ನಾಲ್ಕು ಮೂಲೆಗಳಿದ್ದವು. ಪುಟ್ಟ ಪುಟ್ಟ ಪೆಟ್ಟಿಗೆಗಳನ್ನು ಒತ್ತಾಗಿ ಇಟ್ಟ ಹಾಗೆ ಕೂತಿದ್ದವು.

ಬರಮಪ್ಪ ಬಹಳ ಹೊತ್ತು ಕಲ್ಲನ್ನು ನೋಡಿದ. ಆಮೇಲೆ ಎದ್ದು ತನ್ನ ಮಡಿಯ ಹತ್ತಿರ ಹೋಗಿ ಮೊಣಕಾಲೂರಿ ಕೂತ. ನಿನ್ನೆ ಹಕ್ಕಿಯನ್ನು ತೊಳೆದ ನೀರು ಅಲ್ಲಿ ಒಣಗಿತ್ತು. ಬೆರಳಿಗೆ ಅಂಟಿದ ಹರಳುಗಳನ್ನು ಕಣ್ಣಿನ ಹತ್ತಿರ ತಂದು ನೋಡಿದ. ನಾಲ್ಕು ಮೂಲೆ. ಎಲ್ಲದಕ್ಕೂ ನಾಲ್ಕು ಮೂಲೆ.

"ಕದ್ದ ಉಪ್ಪು ನನ್ನ ಮಡ್ಯಾಗ ಐತಿ. ಕಳ್ಳ ನಾನ" ಎಂದ ಬರಮಪ್ಪ. ಅಷ್ಟು ದೊಡ್ಡ ಮನುಷ್ಯ ಎಲ್ಲರ ಮುಂದೆ ಅತ್ತುಬಿಟ್ಟ. ತಂದೆ ಮಣ್ಣು ಹೊತ್ತು ಸತ್ತದ್ದಕ್ಕೋ, ಹಕ್ಕಿಗೆ ಮಾಡಿದ ಅನ್ಯಾಯಕ್ಕೋ, ಅವನಿಗೇ ಗೊತ್ತಾಗಲಿಲ್ಲ. ಕುಡಗೋಲು ಅಲ್ಲೇ ಬಿತ್ತು.

ಹಕ್ಕಿಗೆ ನೆಲದಿಂದ ಏಳಲು ಆಗುತ್ತಿರಲಿಲ್ಲ. ನಿನ್ನೆ ಅದರ ಮೇಲೆ ಬೋರಲು ಹಾಕಿದ್ದ ಬುಟ್ಟಿಯಲ್ಲೇ ಅದನ್ನು ಕೂರಿಸಿ, ದ್ಯಾವವ್ವ ಬುಟ್ಟಿಯನ್ನು ತಲೆಯ ಮೇಲೆ ಹೊತ್ತಳು. ಬರಮಪ್ಪ ಹೊರುತ್ತೇನೆಂದರೂ ಕೊಡಲಿಲ್ಲ. ಊರ ಹಿಂದಿನ ಗುಡ್ಡವನ್ನು ಏದುಸಿರು ಬಿಡುತ್ತ ಹತ್ತಿದಳು. ಮೇಲೆ ನಿಂತು ಗಾಳಿಯನ್ನು ಹೆಸರು ಹಿಡಿದು ಕೂಗಿದಳು. ಗಾಳಿ ಒಂದು ಬಂಡೆಯ ಹಿಂದಿನಿಂದ ಮೆಲ್ಲಗೆ ಹೊರಗೆ ಬಂತು.

"ಆಡ್ಕೋಂತ ಬಂದ್ನಿ, ದ್ಯಾವವ್ವ. ಕೈಯಾಗ ಏನು ಹಿಡ್ಕೊಂಡೀನಿ ಅಂತ ನೋಡ್ಲಿಲ್ಲ" ಎಂದಿತು, ತಲೆ ತಗ್ಗಿಸಿ.

"ನಾನೂ ನೋಡ್ಲಿಲ್ಲಪಾ. ನಿನ್ನ ಏನಂತ ಬೈಲಿ? ಎಲ್ಲಿಂದ ತಂದೀಯೋ ಅಲ್ಲಿಗೇ ಒಯ್ದು ಬಿಡು. ಜ್ವಾಕಿ."

ಹಕ್ಕಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು ದ್ಯಾವವ್ವ ಹೇಳಿದಳು: "ಇನ್ನ ಮ್ಯಾಲ ಯಾರಾದ್ರೂ 'ನೀ ಯಾರಾಕಿ' ಅಂತ ಕೇಳೋತನಕ ಕಾಯಬ್ಯಾಡ. ಮೈಮ್ಯಾಲಿಂದು ತೊಳದ್ರ ಹೋಗ್ತೈತಿ. ಒಳಗಿಂದು ಹೋಗಂಗಿಲ್ಲ. ಅದನ್ನ ಕೊಕ್ಕಿನ ತುದೀಗೆ ಇಟ್ಕೋ. ನಿನ್ನ ಮಗೀಗೂ ಹೇಳು."

ಹಕ್ಕಿ ಬಾಗಿ ಒಂದು ಹನಿಯನ್ನು ಅವಳ ತುಟಿಯ ಮೇಲೆ ಇಟ್ಟಿತು. ದ್ಯಾವವ್ವ ಅದನ್ನು ನಾಲಗೆಗೆ ತಂದುಕೊಂಡಳು. ರುಚಿ ತಿಳಿಯಲಿಲ್ಲ. ಅವಳ ಕಣ್ಣಿನಿಂದ ನೀರು ಇಳಿದು ತುಟಿಗೆ ಬಂತು. ಅದರ ರುಚಿಯೂ ತಿಳಿಯಲಿಲ್ಲ. ಆದರೂ ಮುದುಕಿಯ ಎದೆ ಹಗುರಾಗಿತ್ತು. ಗಾಳಿ ಕೈಚಾಚಿತು, ಉದ್ದನೆಯ ರೆಕ್ಕೆಗಳು ಬಿಚ್ಚಿಕೊಂಡವು, ಹಕ್ಕಿ ಪಡುವಣದ ಕಡೆಗೆ ತೇಲಿ ಹೋಯಿತು.

ದ್ಯಾವವ್ವ ಮತ್ತೆಂದೂ ಬೆರಳನ್ನು ನಾಲಗೆಗೆ ಇಡಲಿಲ್ಲ. ಊರಿನವರು ಅವಳ ಕರಿಕಲ್ಲನ್ನು ಮಡಿಗಳ ನಡುವೆ ನೆಟ್ಟರು. ಅವಳು ಅದರ ಪಕ್ಕ ಕೂತು, ಬಂದವರಿಗೆಲ್ಲ ಹರಳು ನೋಡುವುದನ್ನು ಕಲಿಸಿದಳು. ದಾರಿ ತಪ್ಪಿ ಯಾರಾದರೂ ಆ ಊರಿಗೆ ಬಂದರೆ, ಜನ "ನಮ್ಮವರಲ್ಲ" ಎನ್ನುವುದನ್ನು ಬಿಟ್ಟರು. ಮೊದಲು ನೆರಳಿಗೆ ಕರೆದು ಕೂರಿಸಿ, "ಯಾವೂರಾತು?" ಎಂದು ಕೇಳಿ, ಹೇಳಿದ್ದನ್ನು ಪೂರ್ತಿ ಕೇಳುತ್ತಿದ್ದರು.

ಅತ್ತ ಕಡಲಿನ ಬಂಡೆಯ ಪೊಟರೆಯಲ್ಲಿ ಅಪ್ಪ ಇನ್ನೂ ಎದ್ದಿರಲಿಲ್ಲ. ಕಣ್ಣು ಗುಳಿಬಿದ್ದು, ಮೈ ಬಡವಾಗಿ, ಮೊಟ್ಟೆಯ ಮೇಲೆ ಕೂತೇ ಇದ್ದ. ಅವಳು ಮರಳಿ ತಲುಪಿದ ದಿನವೇ ಮೊಟ್ಟೆ ಒಡೆಯಿತು. ಹೊರಗೆ ಬಂದ ಮರಿಯ ಕೊಕ್ಕಿನ ಮೇಲೆ ಎರಡು ಪುಟ್ಟ ಕೊಳವೆಗಳಿದ್ದವು.

ಅದಕ್ಕೇ ಇವತ್ತಿಗೂ ದೊಡ್ಡ ಗಾಳಿ ಬೀಸಿ ನಿಂತ ಮರುದಿನ, ಕಡಲೇ ಕಾಣದ ನಿಮ್ಮ ಊರಿನ ಹೊಲದ ಬದುವಿನಲ್ಲಿ ಯಾರೂ ಗುರುತು ಹಿಡಿಯದ ಒಂದು ಉದ್ದ ರೆಕ್ಕೆಯ ಹಕ್ಕಿ ಕೂತಿದ್ದರೆ, ಅದರ ಕೊಕ್ಕಿನ ತುದಿಯಲ್ಲಿ ಒಂದು ಹನಿ ನಿಂತಿರುತ್ತದೆ. ಪಾಪ, ಅಳುತ್ತಿದೆ ಎಂದುಕೊಳ್ಳಬೇಡಿ ಮಕ್ಕಳೇ, ನೀವು ಕೇಳುವ ಮೊದಲೇ ಅದು ತನ್ನ ಊರು ಯಾವುದೆಂದು ಹೇಳುತ್ತಿದೆ.